ಬೆಳ್ಳಗೆ ಕಂಡ ಪಟ್ಟೆ

ಊಟಕ್ಕೆ ಏಳುವ ಮುಂಚೆ ಲೆನೋರಾ ಊರಿನಲ್ಲಿರುವ ಚಿಕ್ಕಮ್ಮನಿಗೆ ಫೋನು ಮಾಡಿ, ಉಪಗ್ರಹದ ಚಿತ್ರ ಬಂದಿದೆ, ಮಂಜುಗಡ್ಡೆ ಎಲ್ಲ ಗಟ್ಟಿಯಾಗಿದೆ, ಹೆದರುವಂಥದ್ದು ಏನೂ ಇಲ್ಲ ಎಂದು ಹೇಳಿಬಿಟ್ಟಿದ್ದಳು. ಊಟ ಮುಗಿಸಿ ಬರುವಾಗ ತಾನು ಕೆಲಸ ಮಾಡುವ ಸಂಸ್ಥೆಯ ಮುಂದಿನ ಬಾವುಟ ಇಸ್ತ್ರಿ ಮಾಡಿದ ಹಾಗೆ ಕಂಬಕ್ಕೆ ಅಡ್ಡಲಾಗಿ ನಿಂತಿದ್ದನ್ನು ಕಂಡಳು. ಒಳನಾಡಿನ ಫೇರ್‌ಬ್ಯಾಂಕ್ಸ್‌ನಲ್ಲಿ ಗಾಳಿ ಬೀಸುವುದೇ ಅಪರೂಪ. ಅಲ್ಲಿನ ಬಾವುಟಗಳು ವರ್ಷದ ಬಹುಪಾಲು ಒಗೆದು ಹಾಕಿದ ಬಟ್ಟೆಯಂತೆ ಜೋತುಬಿದ್ದಿರುತ್ತವೆ. ಇಲ್ಲೇ ಹೀಗಿದ್ದರೆ ಕರಾವಳಿಯಲ್ಲಿ ಹೇಗಿರಬೇಕು ಎಂಬ ಯೋಚನೆ ಮೆಟ್ಟಿಲು ಹತ್ತುವಾಗ ಬಂತು. ಮೇಲಂಗಿಯನ್ನೂ ತೆಗೆಯದೆ ಕುಳಿತು ತನ್ನೂರಾದ ನುವುರಾಕ್‌ನ ಗಾಳಿಯ ಅಳತೆಯನ್ನು ತೆಗೆದು ನೋಡಿದಳು. ಮೂಡಣ ಗಾಳಿ. ಬೆಳಗಿನಿಂದ ಒಂದೇ ಸಮನೆ, ಜೋರಾಗಿ.

ಮೂಡಣ ಗಾಳಿ ಎಂದರೆ ಆ ಕರಾವಳಿಯಲ್ಲಿ ನೆಲದಿಂದ ಸಮುದ್ರಕ್ಕೆ ಬೀಸುವ ಗಾಳಿ. ಅದು ಮಂಜುಗಡ್ಡೆಯನ್ನು ಒತ್ತುವುದಿಲ್ಲ, ಕಿತ್ತು ಎಳೆಯುತ್ತದೆ.

ಅವಳು ಬೆಳಗಿನ ಚಿತ್ರವನ್ನು ಮತ್ತೆ ಪರದೆಯ ಮೇಲೆ ಹರಡಿದಳು. ಧ್ರುವದ ಮೇಲಿಂದ ಹಾದುಬರುವ ಉಪಗ್ರಹ ಕಳಿಸಿದ್ದು, ಸಂಸ್ಥೆಯ ಛಾವಣಿಯ ಮೇಲಿನ ದೊಡ್ಡ ಡಿಶ್ ಹಿಡಿದದ್ದು. ಬಲಗಡೆ ನುವುರಾಕ್ ಊರಿನ ದಡ. ಅದಕ್ಕೆ ಅಂಟಿಕೊಂಡು ಕೆಲವು ಮೈಲಿ ದೂರ ಚಾಚಿದ ಮಂಜುಗಡ್ಡೆ. ಅದರ ತುದಿಯಲ್ಲಿ, ತೆರೆದ ಸಮುದ್ರದ ಅಂಚಿನಲ್ಲಿ, ಚಿತ್ರದಲ್ಲಿ ಕಾಣದಷ್ಟು ಚಿಕ್ಕದಾಗಿ, ಅವಳ ಚಿಕ್ಕಪ್ಪ ವಿಲ್ಬರ್‌ನ ಡೇರೆ. ವಸಂತದಲ್ಲಿ ತಿಮಿಂಗಿಲಗಳು ಆ ನೀರಿನ ಓಣಿ ಹಿಡಿದೇ ಉತ್ತರಕ್ಕೆ ಹೋಗುತ್ತವೆ. ವಿಲ್ಬರ್‌ನಂಥ ಬೇಟೆಯ ಯಜಮಾನರು ತಮ್ಮ ತಂಡ ಕಟ್ಟಿಕೊಂಡು ಅಲ್ಲಿ ಕಾಯುತ್ತಾರೆ. ಡೇರೆಗೂ ದಡಕ್ಕೂ ನಡುವೆ ಉದ್ದಕ್ಕೆ ಒಂದು ಪಟ್ಟೆ. ಹೋದ ವಾರದ ಚಿತ್ರದಲ್ಲಿ ಆ ಪಟ್ಟೆ ಕಪ್ಪಗಿತ್ತು. ಇಂದು ಬೆಳ್ಳಗಿತ್ತು.

ಶಾಲೆಯ ಮಕ್ಕಳು ಸಂಸ್ಥೆಯನ್ನು ನೋಡಲು ಬಂದರೆ ಅವರಿಗೆ ವಿವರಿಸುವ ಕೆಲಸ ಲೆನೋರಾಳದೇ. ಈ ಉಪಗ್ರಹಕ್ಕೆ ಕಣ್ಣಿಲ್ಲ ಮಕ್ಕಳೇ, ಕಿವಿ ಇದೆ. ಕತ್ತಲಾಗಲಿ ಮೋಡವಾಗಲಿ ಅದು ಮೇಲಿಂದ ಕೂಗು ಹಾಕುತ್ತದೆ, ಮರುದನಿ ಕೇಳುತ್ತದೆ. ನುಣ್ಣಗಿರುವ ಮೈ ಕೂಗನ್ನು ಅತ್ತ ಜಾರಿಸಿಬಿಡುತ್ತದೆ, ಅದು ಕಪ್ಪು. ಒರಟು ಮೈ ಕೂಗನ್ನು ಹಿಂದಕ್ಕೆ ಎರಚುತ್ತದೆ, ಅದು ಬಿಳುಪು. ಹೋದ ವಾರದ ಕಪ್ಪು ಪಟ್ಟೆ, ಹಳೆಯ ಬಿರುಕೊಂದು ಹೆಪ್ಪುಗಟ್ಟಿ ಮೇಜಿನಂತೆ ನಯವಾಗಿದ್ದ ಜಾಗ. ಲೆನೋರಾ ಅದನ್ನು ನಕ್ಷೆಯಲ್ಲಿ ಗುರುತು ಹಾಕಿ, ದಾರಿಗೆ ಇದೇ ಸುಲಭ ಎಂದು ಚಿಕ್ಕಪ್ಪನಿಗೆ ಕಳಿಸಿದ್ದಳು. ಮಂಜಿನ ದಿಣ್ಣೆಗಳನ್ನು ಹಾರೆಯಿಂದ ಒಡೆದು ಒಡೆದು ಸೋತಿದ್ದ ತಂಡ ಅವಳ ಹೆಸರು ಹೇಳಿ ಚಹಾ ಕುಡಿದು, ಪಟ್ಟೆ ದಾಟಿ, ಉಳಿದ ತಂಡಗಳಿಗಿಂತ ಮುಂದೆ ಹೋಗಿ ಡೇರೆ ಹಾಕಿತ್ತು. ಅಂದರೆ ಅವರು ಆ ಜಾಗದಲ್ಲಿ ಇದ್ದದ್ದು ಅವಳಿಂದ.

ಇಂದು ಪಟ್ಟೆ ಬೆಳ್ಳಗಾಗಿದ್ದು ಕಂಡು ಬೆಳಿಗ್ಗೆ ಅವಳಿಗೆ ಸಂತೋಷವೇ ಆಗಿತ್ತು. ಮಂಜು ಮಂಜಿಗೆ ಒತ್ತಿ ಮುರಿದು ಗುಡ್ಡೆಯಾಗಿ ದಪ್ಪಗಾಗಿದೆ ಎಂದುಕೊಂಡಳು. ಡಿಶ್ ನೋಡಿಕೊಳ್ಳುವ ಗಾರ್ಥ್ ಕೂಡ ಅವಳ ಹೆಗಲ ಮೇಲಿಂದ ಇಣುಕಿ, "ಬೆಳ್ಳಗಿದೆ, ದಪ್ಪಗಿದೆ, ನನ್ನ ಸೋದರತ್ತೆ ಇದ್ದಹಾಗೆ ಇದೆ. ಊಟಕ್ಕೆ ನಡಿ" ಎಂದಿದ್ದ.

ಆದರೆ ಗಾಳಿ ಎಳೆಯುತ್ತಿದ್ದರೆ ಒತ್ತುವವರು ಯಾರು?

ಗಾಳಿ ಕೆದಕಿದ ನೀರೂ ಒರಟೇ. ಅದೂ ಬೆಳ್ಳಗೇ ಕಾಣುತ್ತದೆ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಮೊದಲ ದಿನ ಹೇಳಿಕೊಡುವ ಪಾಠ ಇದು, ಹೇಳಿಕೊಡುತ್ತಿದ್ದವಳೂ ಲೆನೋರಾಳೇ. ಬೆಳಿಗ್ಗೆ ಆ ಪಾಠ ಏಕೆ ನೆನಪಾಗಲಿಲ್ಲ ಎನ್ನುವುದೂ ಅವಳಿಗೆ ಗೊತ್ತಿತ್ತು. ಹಿಂದೊಂದು ವರ್ಷ ಇದೇ ಕಾಲದಲ್ಲಿ ಅವಳು ಕಪ್ಪು ಗೆರೆಯೊಂದನ್ನು ಕಂಡು ನೀರು ನೀರು ಎಂದು ಕೂಗಿಕೊಂಡು, ಎಲ್ಲ ತಂಡಗಳೂ ಡೇರೆ ಕಿತ್ತು ದಡಕ್ಕೆ ಓಡಿ ಬಂದು, ಅದು ಬರೀ ತೆಳುಮಂಜು ಎಂದು ಗೊತ್ತಾಗುವ ಹೊತ್ತಿಗೆ ತಿಮಿಂಗಿಲಗಳು ಮೆರವಣಿಗೆ ಹೊರಟಂತೆ ಸಾಲಾಗಿ ಹಾದುಹೋಗಿದ್ದವು. ಆ ಚಳಿಗಾಲ ಮಾಂಸ ಕೂಡಿಡುವ ಊರಿನ ನೆಲಮಾಳಿಗೆಗಳು ಅರ್ಧ ಖಾಲಿಯಿದ್ದವು. ಈಗಲೂ ಅವಳು ಊರಿಗೆ ಹೋದರೆ ಅಂಗಡಿಯಲ್ಲಿ ಯಾರಾದರೂ ನೆಲ ನೋಡಿಕೊಂಡು ಹುಷಾರಾಗಿ ಕಾಲಿಟ್ಟು, "ಲೆನೋರಾ, ಇಲ್ಲಿ ಗಟ್ಟಿ ಇದೆಯಾ ಸ್ವಲ್ಪ ನೋಡಿ ಹೇಳಮ್ಮ" ಅನ್ನುವುದುಂಟು. ಎಲ್ಲರ ಜತೆ ಅವಳೂ ನಗುತ್ತಿದ್ದಳು. ಆ ನಗುವೇ ಇಂದು ಬೆಳಿಗ್ಗೆ ಅವಳ ಕಣ್ಣಿನಲ್ಲಿ ಕುಳಿತು ಚಿತ್ರ ನೋಡಿತ್ತು.

"ಗಾರ್ಥ್, ಅಡ್ಡಕಿವಿಯ ಚಿತ್ರ ಎಲ್ಲಿ?"

ಗಾರ್ಥ್ ಇನ್ನೂ ಸ್ಯಾಂಡ್‌ವಿಚ್ ಅಗಿಯುತ್ತಿದ್ದ. ಉಪಗ್ರಹ ತನ್ನ ಕೂಗಿನ ಮರುದನಿಯನ್ನು ಎರಡು ಕಿವಿಗಳಲ್ಲಿ ಕೇಳಿಸಿಕೊಳ್ಳುತ್ತದೆ, ಒಂದು ನೆಟ್ಟಗಿನದು, ಒಂದು ಅಡ್ಡ. ಮುರಿದ ಮಂಜು ಎರಡೂ ಕಿವಿಗೆ ಉತ್ತರ ಕೊಡುತ್ತದೆ. ಗಾಳಿಯೆದ್ದ ನೀರು ನೆಟ್ಟಗಿನ ಕಿವಿಗೆ ಮಾತ್ರ ಬೊಬ್ಬೆ ಹಾಕಿ, ಅಡ್ಡಕಿವಿಗೆ ಮೂಕವಾಗುತ್ತದೆ. ಎರಡು ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ನೋಡದೆ ಬಾಯಿ ಬಿಡಬಾರದು ಎನ್ನುವುದು ಆ ಕೋಣೆಯ ಅಲಿಖಿತ ಕಾನೂನು.

"ಅದಿನ್ನೂ ಸಾಲಲ್ಲಿದೆ. ಹಿಮನದಿಯವರು ಇಡೀ ವರ್ಷದ್ದು ಒಂದೇ ಸಲ ತುಂಬಿದಾರೆ ಕಂಪ್ಯೂಟರಿಗೆ. ಸಂಜೆ ಬರುತ್ತೆ."

"ಸಂಜೆ ಬೇಡ, ಈಗ ಬೇಕು."

"ಹಿಮನದಿ ನಿಧಾನ ಹರಿಯುತ್ತೆ, ಅದನ್ನ ಅಳೆಯೋರು ಇನ್ನೂ ನಿಧಾನ ಕಣೆ. ಅವರನ್ನ..." ಗಾರ್ಥ್ ಅವಳ ಮುಖ ನೋಡಿ ಮಾತು ನಿಲ್ಲಿಸಿದ. "ನಿಮ್ಮ ಚಿಕ್ಕಪ್ಪಾನಾ?"

ಅವಳು ಪರದೆಯ ಮೇಲೆ ಬೆರಳಿಟ್ಟು, "ಇದು ನೀರಿರಬಹುದು" ಎಂದಳು. ಗಾರ್ಥ್ ಸ್ಯಾಂಡ್‌ವಿಚ್ಚನ್ನು ಅವಳ ಮೇಜಿನ ಮೇಲೇ ಬಿಟ್ಟು ಕೆಳಗಿನ ಮಹಡಿಗೆ ಓಡಿದ.

ಲೆನೋರಾ ಫೋನು ಎತ್ತಿದಳು. ಮಂಜಿನ ಮೇಲಿರುವ ಚಿಕ್ಕಪ್ಪನಿಗೆ ಇಲ್ಲಿಂದ ನೇರವಾಗಿ ಫೋನು ಹೋಗುವುದಿಲ್ಲ. ಅವನ ಹತ್ತಿರ ಇರುವುದು ರೇಡಿಯೊ, ಆ ರೇಡಿಯೊದ ಇನ್ನೊಂದು ತುದಿ ಇರುವುದು ಚಿಕ್ಕಮ್ಮ ಯೂನಿಸ್‌ಳ ಅಡುಗೆಮನೆಯಲ್ಲಿ. ಸುದ್ದಿ ಹೋಗಬೇಕಾದರೆ ಯೂನಿಸ್ ಮೂಲಕವೇ ಹೋಗಬೇಕು. ಕಷ್ಟ ಇದ್ದದ್ದು ಅಲ್ಲೇ.

ಬೇಟೆಯ ಯಜಮಾನ ದೋಣಿ ಇಳಿಸಿದ ದಿನದಿಂದ ಅವನ ಹೆಂಡತಿ ಮನೆಯಲ್ಲಿ ಸುಮ್ಮನಿರಬೇಕು. ಓಡಬಾರದು, ಕೂಗಬಾರದು, ಚೂರಿ ಹಿಡಿಯಬಾರದು, ಸೂಜಿ ಮುಟ್ಟಬಾರದು, ಮನಸ್ಸಿನಲ್ಲಿ ಕೂಡ ಗಡಿಬಿಡಿ ಇರಬಾರದು. ತಿಮಿಂಗಿಲ ಬರುವುದು ಗಂಡಸಿನ ಈಟಿ ಹುಡುಕಿಕೊಂಡಲ್ಲ, ಹೆಂಗಸಿನ ನೆಮ್ಮದಿ ಹುಡುಕಿಕೊಂಡು. ಅವಳು ತಳಮಳಿಸಿದರೆ ನೀರಿನಲ್ಲಿ ಅದೂ ತಳಮಳಿಸುತ್ತದೆ. ಉಳಿದ ಕಾಲದಲ್ಲಿ ಊರಿನ ಅತಿ ದೊಡ್ಡ ಗಂಟಲು ಯೂನಿಸ್‌ಳದು. ಕೂತಲ್ಲಿ ಕೂರದ ಹೆಂಗಸು. ಅಂಥವಳು ವಸಂತದಲ್ಲಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಫೋಟೋದಂತೆ ಕುಳಿತು, ಒಂದು ಪಕ್ಕ ರೇಡಿಯೊ, ಒಂದು ಪಕ್ಕ ಫೋನು ಇಟ್ಟುಕೊಂಡು, ತಂಗಿಯರು ಮಾಡಿಹಾಕಿದ್ದನ್ನು ತಿನ್ನುತ್ತ ದಿನ ಕಳೆಯುವುದನ್ನು ನೋಡಲೆಂದೇ ಕೆಲವರು ಚಹಾದ ನೆಪದಲ್ಲಿ ಬಂದುಹೋಗುತ್ತಿದ್ದರು.

"ಏನತ್ತೆ," ಎಂದಳು ಯೂನಿಸ್ ಫೋನು ತೆಗೆದುಕೊಂಡು, ಒಂದೊಂದೇ ಅಕ್ಷರ ಇಳಿಸಿ ಇಡುತ್ತ, "ಊಟ ಆಯ್ತಾ ತಮ್ಮದು?"

ಲೆನೋರಾಳಿಗೆ ಹುಟ್ಟಿದಾಗ ಇಟ್ಟಿದ್ದು ಅವಳ ಅಜ್ಜಿಯ ಹೆಸರು. ಹೆಸರು ಬಂದ ಮೇಲೆ ನಂಟೂ ಬಂದಂತೆ; ಆ ಅಜ್ಜಿಯ ಮಗನಾದ ವಿಲ್ಬರ್ ಅವಳನ್ನು ತೊಟ್ಟಿಲಲ್ಲಿದ್ದಾಗಿನಿಂದ "ಅವ್ವ" ಎಂದೇ ಕರೆಯುತ್ತಿದ್ದ. ಹಾಗಾಗಿ ಯೂನಿಸ್‌ಗೆ ಅವಳು ಅತ್ತೆ. ಬದುಕಿದ್ದ ಅತ್ತೆಗೆ ಹೇಳಲಾಗದ್ದನ್ನೆಲ್ಲ ಯೂನಿಸ್ ಈ ಅತ್ತೆಗೆ ಹೇಳಿ ತೀರಿಸಿಕೊಳ್ಳುತ್ತಿದ್ದಳು.

"ಚಿಕ್ಕಮ್ಮ, ಕೇಳು..."

"ಮೊದಲು ನಾನು ಹೇಳ್ತೀನಿ, ನೀವು ಕೇಳಿ. ನಿಮ್ಮ ಮಗನಿಗೆ ತಿಮಿಂಗಿಲ ಒಲೀತು. ಈಗಷ್ಟೇ. ಎರಡು ದೋಣಿ ಕಟ್ಟಿ ಅಂಚಿಗೆ ಎಳ್ಕೊಂಡು ಬರ್ತಿದಾರಂತೆ. ದೊಡ್ಡದಂತೆ. ನಾನು ಹಿಗ್ಗೋ ಹಾಗಿಲ್ಲ, ಆದ್ರಿಂದ ನೀವು ಸ್ವಲ್ಪ ನನ್ನ ಪರವಾಗಿ ಹಿಗ್ಗಿ."

ಫೋನಿನ ಹಿಂದೆ, ಯೂನಿಸ್‌ಳ ಕಿಟಕಿಯಾಚೆ, ಮೋಟಾರು ಜಾರುಬಂಡಿಯೊಂದು ಕೆಮ್ಮಿ ಎಚ್ಚರಗೊಂಡಿತು. ಅದರ ಹಿಂದೆ ಇನ್ನೊಂದು. ಇನ್ನೂ ಒಂದು.  ತಿಮಿಂಗಿಲ ಬಿದ್ದರೆ ಅದನ್ನು ಮಂಜಿನ ಮೇಲೆ ಎಳೆಯಲು ಇಡೀ ಊರೇ ಹಗ್ಗ ಹಿಡಿಯಬೇಕು; ಗಂಡಸರು, ಹೆಂಗಸರು, ಜಾರುಬಂಡಿಯ ಹಿಂದೆ ಕಟ್ಟಿದ ಪೆಟ್ಟಿಗೆಯಲ್ಲಿ ಮಕ್ಕಳು. ಎಲ್ಲರೂ ಹೋಗುವುದು ಒಂದೇ ದಾರಿಯಲ್ಲಿ. ಆ ದಾರಿ ಪಟ್ಟೆಯ ಮೇಲೆ ಹಾದುಹೋಗುತ್ತದೆ.

"ಯಾರನ್ನೂ ಕಳಿಸ್ಬೇಡ ಚಿಕ್ಕಮ್ಮ. ಬೆಳಿಗ್ಗೆ ನಾನು ಹೇಳಿದ್ದು ತಪ್ಪಿರಬಹುದು, ಚಿಕ್ಕಪ್ಪನ ಹಿಂದೆ ಮಂಜು ಬಿಟ್ಕೊಂಡಿರಬಹುದು, ಗಾಳಿ ಮೂಡಣದ್ದು, ನಾನು ಗಾಳಿ ನೋಡ್ಲಿಲ್ಲ, ಬೆಳ್ಳಗಿತ್ತು ಅಂತ..."

"ನಿಧಾನ," ಎಂದಳು ಯೂನಿಸ್. "ಈ ಮನೇಲಿ ಈ ತಿಂಗಳು ಯಾರೂ ಓಡಲ್ಲ. ಮಾತೂ ಓಡಲ್ಲ." ಆಮೇಲೆ ತಮಾಷೆಯ ಬಹುವಚನವನ್ನು ಕೆಳಗಿಟ್ಟು ಕೇಳಿದಳು, "ಬಿಟ್ಕೊಂಡಿದೆಯೋ, ಬಿಟ್ಕೊಂಡಿರಬಹುದೋ? ಯಾವುದು ಹೇಳು."

"ಇನ್ನೊಂದು ಚಿತ್ರ ಬಂದ್ರೆ ಹೇಳ್ತೀನಿ. ಗಾರ್ಥ್ ತರಕ್ಕೆ ಹೋಗಿದಾನೆ."

"ಬೆಳಿಗ್ಗೆ ಗಟ್ಟಿ ಅಂದೆ."

"ಅಂದೆ."

"ಈಗ?"

"ಈಗ ಭಯ ಆಗ್ತಿದೆ."

"ಆ ಭಯ ನನ್ನ ಮನೆಗೆ ಕಳಿಸ್ಬೇಡ. ಅಲ್ಲೇ ಇಟ್ಕೊ." ಅವಳ ದನಿ ಕದಡಲಿಲ್ಲ. ಆದರೆ ಉಸಿರು ಬಿಡುವುದು ಲೆನೋರಾಳಿಗೆ ಕೇಳಿಸಿತು, ಭಾರವಾದದ್ದೇನನ್ನೋ ತಲೆಯ ಮೇಲಿಟ್ಟುಕೊಂಡು ನಡೆಯುವವರು ಬಿಡುವಂಥ ಉಸಿರು. "ರೇಡಿಯೊದಲ್ಲಿ ಮಂಜು ಒಡೀತು ಅಂದ್ರೆ ಊರೆಲ್ಲ ಕೇಳುತ್ತೆ. ಗಂಡ, ಮಗ, ಅಳಿಯ ಅಲ್ಲಿರೋರೆಲ್ಲ ಬಂಡಿ ಹತ್ತಿ ಅವರನ್ನ ಕರ್ಕೊಂಡು ಬರಕ್ಕೆ ಅಂತ ಅದೇ ದಾರೀಲಿ ನುಗ್ತಾರೆ. ಹೋದ ಸಲ ನೀನು ಕೂಗಿದಾಗ ದಾರೀಲಿ ಒಂದರ ಮೇಲೆ ಒಂದು ಬಂಡಿ ಬಿತ್ತು, ನೆನಪಿದೆಯಾ? ಒಡೀದಿದ್ರೂ ನುಗ್ತಾರೆ, ಒಡೆದಿದ್ರೂ ನುಗ್ತಾರೆ."

ಅಷ್ಟರಲ್ಲಿ ರೇಡಿಯೊ ಕರಕರ ಎಂದಿತು. ವಿಲ್ಬರ್‌ನ ದನಿ, ಗಾಳಿಯಲ್ಲಿ ಹರಿದುಹೋಗುತ್ತ. "ಯೂನಿಸ್, ಅಂಚಿಗೆ ಬಂದ್ವಿ. ಪ್ರಾರ್ಥನೆ ಆಗ್ಬೇಕು. ನನ್ನೆರಡು ಕೈಯಲ್ಲೂ ಹಗ್ಗ ಇದೆ, ನೀನೇ ಮಾಡ್ಬಿಡು. ಚಿಕ್ಕದಾಗಿ ಮಾಡು, ಗಾಳಿ ಜಾಸ್ತಿ ಇದೆ."

ತಿಮಿಂಗಿಲ ಸಿಕ್ಕ ಮೇಲೆ ರೇಡಿಯೊದಲ್ಲಿ ಪ್ರಾರ್ಥನೆಯಾಗದೆ ನುವುರಾಕ್‌ನಲ್ಲಿ ಯಾರೂ ಮನೆ ಬಿಡುವುದಿಲ್ಲ. ಪ್ರಾರ್ಥನೆ ನಡೆಯುವಾಗ ಬಂಡಿ ಶುರುಮಾಡಿಕೊಂಡು ಹೊರಟವನ ಹೆಸರನ್ನು ಊರು ಮೂರು ತಲೆಮಾರು ನೆನಪಿಟ್ಟುಕೊಳ್ಳುತ್ತದೆ.

"ಫೋನು ಇಡ್ಬೇಡ," ಎಂದಳು ಯೂನಿಸ್ ಲೆನೋರಾಳಿಗೆ. ರೇಡಿಯೊದ ಗುಂಡಿ ಒತ್ತಿದಳು. ಗಂಟಲು ಸರಿಮಾಡಿಕೊಂಡಳು. "ನಮ್ಮೆಲ್ಲರ ತಂದೆಯೇ."

ಕಿಟಕಿಯಾಚೆ ಬಂಡಿಗಳು ಒಂದೊಂದಾಗಿ ಬಾಯಿ ಮುಚ್ಚಿಕೊಂಡವು. ಕೊನೆಯದು ಸ್ವಲ್ಪ ಹೊತ್ತು ಗೊಣಗಿ ಅದೂ ಸುಮ್ಮನಾಯಿತು. ಲೆನೋರಾ ಫೋನನ್ನು ಕಿವಿಗೆ ಒತ್ತಿಕೊಂಡು, ಬೆಳಗಿನ ಚಿತ್ರದ ಮುಂದೆ, ಗಾರ್ಥ್‌ನ ಅರ್ಧ ಸ್ಯಾಂಡ್‌ವಿಚ್ಚನ್ನು ನೋಡುತ್ತ ಕುಳಿತಳು.

ಯೂನಿಸ್ ತಿಮಿಂಗಿಲಕ್ಕಾಗಿ ವಂದಿಸಿದಳು. ನೀರಿಗಾಗಿ ವಂದಿಸಿದಳು. ದೋಣಿಗಾಗಿ, ದೋಣಿಗೆ ಚರ್ಮ ಹೊಲಿದ ಹೆಂಗಸರಿಗಾಗಿ ಒಬ್ಬೊಬ್ಬರ ಹೆಸರು ಹಿಡಿದು ವಂದಿಸಿದಳು. ಚರ್ಮ ಹದ ಮಾಡಲು ಬರುತ್ತೇನೆಂದು ಹೇಳಿ ಬಾರದವರನ್ನೂ ಬಿಡಲಿಲ್ಲ. ತೀರಿಕೊಂಡವರಿಂದ ಶುರುಮಾಡಿ ಬಸುರಿಯರವರೆಗೆ ಬಂದಳು. ಊರಿನ ಮೇಲಿನ ತುದಿಯಿಂದ ಮನೆಮನೆಗೂ ಆಶೀರ್ವಾದ ಬೇಡುತ್ತ ಇಳಿದಳು. ತನ್ನೊಡನೆ ಮಾತು ಬಿಟ್ಟಿದ್ದ ನಾದಿನಿಯ ಮನೆಯ ಮುಂದೆ ಒಂದು ಕ್ಷಣ ನಿಂತು, ಅವಳ ಮಂಡಿನೋವನ್ನು ದೇವರ ಗಮನಕ್ಕೆ ತಂದಳು. "ಹೋದ ವರ್ಷ ನಮ್ಮ ದೊಡ್ಡ ಹಗ್ಗ ತಗೊಂಡು ಹೋಗಿ ತನ್ನದೇ ಅನ್ನೋ ಹಾಗೆ ಇಟ್ಕೊಂಡಿರೋ ಅರ್ನಾಲ್ಡ್‌ನನ್ನೂ ಕಾಪಾಡು. ಅವನಿಗೆ ನೆನಪಿನ ಶಕ್ತಿ ಕೊಡು."

ಬೇರೆ ದಿನವಾಗಿದ್ದರೆ ಲೆನೋರಾ ನಗುತ್ತಿದ್ದಳು. ಪ್ರಾರ್ಥನೆ ಮುಗಿದರೆ ಏನಾಗುತ್ತದೆ ಎನ್ನುವುದೊಂದೇ ಅವಳ ತಲೆಯಲ್ಲಿತ್ತು. ಎದ್ದು ಬಾಗಿಲವರೆಗೆ ಹೋಗಲು ನೋಡಿದಳು, ಫೋನಿನ ತಂತಿ ಎಳೆಯಿತು, ಮತ್ತೆ ಕುಳಿತಳು. ಕೆಳಗಿನ ಮಹಡಿಯಿಂದ ಗಾರ್ಥ್ ಯಾರ ಮೇಲೋ ರೇಗುವುದು ಕೇಳಿಸಿತು. ಹಿಮನದಿಯವರ ದನಿ ಕೇಳಿಸಲಿಲ್ಲ. ಅವರು ರೇಗುವುದೂ ನಿಧಾನ.

"ಹಾಗೇ ಸ್ವಾಮಿ," ಎನ್ನುತ್ತಿದ್ದಳು ಯೂನಿಸ್, "ವಿಲ್ಬರ್‌ನ ಹತ್ತಿರ ಇರೋರಲ್ಲಿ ಹಗ್ಗ ಹಿಡೀದೆ ಸುಮ್ಮನೆ ನಿಂತಿರೋನು ಯಾರಾದ್ರೂ ಇದ್ರೆ, ಅಂಥೋನು ಯಾವಾಗ್ಲೂ ಒಬ್ಬ ಇರ್ತಾನೆ, ಅವನಿಗೆ ಹಿಂದಿನ ದಾರಿ ಒಂದು ಸಲ ಹೋಗಿ ನೋಡ್ಕೊಂಡು ಬರೋ ಬುದ್ಧಿ ಕೊಡು. ನಿಧಾನವಾಗಿ ಹೋಗೋ ಬುದ್ಧೀನೂ ಕೊಡು. ಬಂಡಿ ಮುಂದೆ ಏನಿದೆ ಅಂತ ಕಣ್ಣು ಬಿಟ್ಟು ನೋಡೋ ಬುದ್ಧೀನೂ ಕೊಡು."

 ದೇವರಿಗಿಂತ ಮುಂಚೆ ವಿಲ್ಬರ್‌ಗೆ ಅದು ತಲುಪಿರಬೇಕು; ಸಂಸಾರ ಮಾಡಿದವರಿಗೆ ಇಂಥದ್ದನ್ನು ಬಿಡಿಸಿ ಹೇಳಬೇಕಾಗುವುದಿಲ್ಲ. ಲೆನೋರಾಳ ಭಯ ಮಾತ್ರ ಜಾಗ ಬದಲಿಸಿ ಇಮ್ಮಡಿಯಾಯಿತು. ಹಿಮದ ಧೂಳೆದ್ದ ಗಾಳಿಯಲ್ಲಿ ಈಗ ಒಬ್ಬ ಮನುಷ್ಯ ಅವಳ ಮಾತಿನಿಂದಾಗಿ ನೀರಿನ ಕಡೆಗೆ ಬಂಡಿ ಓಡಿಸುತ್ತಿದ್ದಾನೆ.

ಗಾರ್ಥ್ ಏದುಸಿರು ಬಿಡುತ್ತ ಬಾಗಿಲಲ್ಲಿ ಕಾಣಿಸಿಕೊಂಡ. "ಬಂತು. ತೆಗೆ, ತೆಗೆ."

ಅಡ್ಡಕಿವಿಯ ಚಿತ್ರ ಮೇಲಿನಿಂದ ಸಾಲುಸಾಲಾಗಿ ಇಳಿಯತೊಡಗಿತು. ಮೊದಲು ಬೆಟ್ಟಗಳು. ಆಮೇಲೆ ದಡ. ಆಮೇಲೆ ದಡಕ್ಕಂಟಿದ ಮಂಜಿನ ದಿಣ್ಣೆಗಳು, ಹಳೆಯ ಗಾಯದ ಹೊಲಿಗೆಯಂತೆ ಬೆಳ್ಳಗೆ. ಆಮೇಲೆ ಪಟ್ಟೆ.

ಕಪ್ಪು. ಮಸಿ ಕುಡಿಸಿದಂತೆ ಕಪ್ಪು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಲ್ಲೂ ಸೇತುವೆಯಿಲ್ಲ. ಹೋದ ವಾರ ಇದ್ದುದಕ್ಕಿಂತ ಅಗಲ. ಬೆಳಿಗ್ಗೆಯೇ ಇಷ್ಟಾಗಿದ್ದರೆ ಈ ಹೊತ್ತಿಗೆ ಇನ್ನೆಷ್ಟಾಗಿರಬೇಕು.

"ಚಿಕ್ಕಮ್ಮ," ಎಂದಳು ಲೆನೋರಾ. ಆ ಮನೆಗೆ ಯಾವ ದನಿಯಲ್ಲಿ ಹೇಳಬೇಕೋ ಆ ದನಿಯಲ್ಲೇ ಹೇಳಿದಳು. "ನೀರು. ಪೂರ್ತಿ."

ಯೂನಿಸ್ ಯಾವುದೋ ಮಗುವಿನ ಹಲ್ಲಿನ ಬಗ್ಗೆ ಪ್ರಾರ್ಥಿಸುತ್ತಿದ್ದಳು. ನಡುವೆ ಒಂದು ಉಸಿರಿನಷ್ಟು ನಿಂತಳು, ಅಷ್ಟೆ.

"ತಂದೆಯೇ, ನಮ್ಮ ಗಂಡಸರ ಮುಂದೆ ನೀರಿದೆ. ಹಿಂದೇನೂ ನೀರಿದೆ. ಅವರಿಗೆ ದೋಣಿ ಕೊಟ್ಟಿದೀಯ, ಅದಕ್ಕೆ ವಂದನೆ. ದೋಣಿ ಇರೋರು ದೋಣಿ ಹತ್ತೋ ಹಾಗೆ ಮಾಡು. ಡೇರೆ, ಒಲೆ, ಹೊಸಾ ಬಂಡಿ, ಇವೆಲ್ಲ ಈ ಲೋಕದ್ದು. ಅದರ ಮೇಲಿನ ಆಸೆ ಬಿಡಿಸು. ವಿಲ್ಬರ್‌ಗೆ ವಿಶೇಷವಾಗಿ ಬಿಡಿಸು." ಅವಳು ಗುಂಡಿಯಿಂದ ಬೆರಳು ತೆಗೆಯದೆ, ಬಾಯಿಯನ್ನು ಫೋನಿನ ಕಡೆ ತಿರುಗಿಸಿ ಪಿಸುಗುಟ್ಟಿದಳು. "ಎಲ್ಲಿಗೆ?"

ಎಲ್ಲಿಗೆ. ಲೆನೋರಾ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಎಳೆದಳು. ಊರಿನ ದಕ್ಷಿಣಕ್ಕೆ ದಡ ಸಮುದ್ರಕ್ಕೆ ಮೂಗು ಚಾಚಿದ ಕಡೆ ದಪ್ಪ ದಿಣ್ಣೆಗಳ ಸಾಲೊಂದು ಎರಡು ಚಿತ್ರದಲ್ಲೂ ಬೆಳ್ಳಗಿತ್ತು. ಅದರ ಹಿಂದೆ ಕಪ್ಪು ಇರಲಿಲ್ಲ. ಅಲ್ಲಿ ಮಂಜು ಸಮುದ್ರದ ತಳಕ್ಕೆ ಕಾಲೂರಿ ನಿಂತಿದೆ. ನಿಂತಿರಬೇಕು. ಬೆಳಿಗ್ಗೆ ನಿಂತಿತ್ತು. ಒಂದೇ ದಿನದಲ್ಲಿ ಎರಡನೆಯ ಸಲ ಆ ಮಾತನ್ನು ಹೇಳಬೇಕಾಗಿ ಬಂತು.  ಗಾರ್ಥ್ ಅವಳ ಹೆಗಲ ಮೇಲಿಂದ ಎರಡು ಚಿತ್ರಗಳನ್ನೂ ನೋಡಿದ, ಈ ಸಲ ತಮಾಷೆ ಮಾಡಲಿಲ್ಲ, ತಲೆಯಾಡಿಸಿದ.

"ತೆಂಕಣ ಮೂಗು," ಎಂದಳು. "ಅಲ್ಲಿ ಗಟ್ಟಿ."

"ತೆಂಕಣ ಮೂಗಿನ ಹತ್ತಿರ ನಮಗೊಂದು ಜಾಗ ಇಟ್ಟಿದೀಯ ತಂದೆ, ಅದಕ್ಕೂ ವಂದನೆ. ದೋಣಿ ಅಲ್ಲಿಗೆ ಬರಲಿ. ತಿಮಿಂಗಿಲ ಅಲ್ಲಿಗೇ ಬರಲಿ. ಬರದೆ ಇದ್ರೆ ಹಗ್ಗ ಕತ್ತರಿಸೋ ಮನಸ್ಸು ಕೊಡು, ನಾವು ಬೇಜಾರು ಮಾಡ್ಕೊಳಲ್ಲ. ಊರಿನ ಜನ ಇನ್ನೊಂದು ಸಲ ಚಹಾ ಇಟ್ಟು ಕುಡಿದು, ಹಳೇ ದಾರಿ ಕಡೆ ತಲೆ ಹಾಕ್ದೆ, ದಡದ ಮೇಲೇ ತೆಂಕಣ ಮೂಗಿಗೆ ಹೋಗಲಿ. ಯಾರೂ ಓಡದೆ ಇರಲಿ. ಆಮೆನ್."

ಯೂನಿಸ್ ಗುಂಡಿ ಬಿಟ್ಟಳು. ಆಮೇಲೆ ವಿಲ್ಬರ್‌ನ ದನಿ.

"ಆಮೆನ್. ಕೇಳಿಸ್ತು. ಲಾಯ್ಡ್ ಬರ್ಲಿ, ಹೊರಡ್ತೀವಿ."

ಹಗ್ಗ ಹಿಡಿಯದೆ ಸುಮ್ಮನೆ ನಿಂತಿದ್ದವನು ಲಾಯ್ಡ್, ವಿಲ್ಬರ್‌ನ ಅಳಿಯ. ಹಿಂದಿನ ದಾರಿ ನೋಡಲು ಹೋದವನು ಇನ್ನೂ ಬಂದಿರಲಿಲ್ಲ. ಅವನು ಬಾರದೆ ವಿಲ್ಬರ್ ದೋಣಿ ಬಿಡುವುದಿಲ್ಲ. ದೋಣಿ ಬಿಡದಿದ್ದರೆ ಮಂಜಿನ ಹಲಗೆ ಡೇರೆಯನ್ನೂ ಮನುಷ್ಯರನ್ನೂ ಹೊತ್ತುಕೊಂಡು ಪಶ್ಚಿಮಕ್ಕೆ ತೇಲುತ್ತಲೇ ಇರುತ್ತದೆ.   ಫೋನಿನಲ್ಲಿ ಯೂನಿಸ್‌ಳ ಗೋಡೆ ಗಡಿಯಾರವೊಂದು ನಡೆಯುತ್ತಿತ್ತು. ಪಾತ್ರೆಯೊಂದು ಉಕ್ಕಿ ಒಲೆಯ ಮೇಲೆ ಚುಂಯ್ ಎಂದಿತು. ತಂಗಿಯರಲ್ಲಿ ಯಾರೋ ಬಿಕ್ಕಿದಳು, ಯೂನಿಸ್ "ಹೊರಗೆ ಹೋಗಿ ಅಳು"‌ ಎಂದಳು, ಉಪ್ಪು ಕೊಡು ಎನ್ನುವಷ್ಟೇ ಮೆಲ್ಲಗೆ.

ಗಾರ್ಥ್ ಕಾಫಿ ತಂದಿಟ್ಟ. ಸುಮ್ಮನಿರಲಾರದೆ, "ಲಾಯ್ಡ್ ಅಂದ್ರೆ ಮದುವೇಲಿ ಉಂಗುರ ಕಳ್ಕೊಂಡೋನಾ?" ಎಂದು ಕೇಳಿದ. ಲೆನೋರಾ ಹೌದೆಂದು ತಲೆಯಾಡಿಸಿದಳು. ಅದರಿಂದ ಇಬ್ಬರಿಗೂ ಏನೂ ಸಮಾಧಾನವಾಗಲಿಲ್ಲ.

ಕೊನೆಗೆ ರೇಡಿಯೊದಲ್ಲಿ ಲಾಯ್ಡ್‌ನ ದನಿಯೇ ಬಂತು, ಎತ್ತರದಲ್ಲಿ, ಒಡೆದುಕೊಂಡು. "ಮಾವ, ದಾರಿ ಇಲ್ಲ! ನೀರಿಂದ ಹೊಗೆ ಏಳ್ತಿದೆ, ಆ ಕಡೆ ಏನೂ ಕಾಣಲ್ಲ! ಇನ್ನೊಂದು ಗೇಣು ಹೋಗಿದ್ರೆ..."

"ಬಂದ್ಯಲ್ಲ, ಹತ್ತು ದೋಣಿ," ಎಂದ ವಿಲ್ಬರ್. "ಬಂಡಿ ಬಿಡು. ಬಿಡೋ ಅಂದ್ರೆ! ದೇವರೇ ಆಸೆ ಬಿಡು ಅಂದಿಲ್ವಾ."

ಅಡ್ಡಗಾಳಿಯಲ್ಲಿ, ಎರಡು ದೋಣಿಯ ಹಿಂದೆ ಮನೆಯಷ್ಟು ದೊಡ್ಡ ತಿಮಿಂಗಿಲ ಕಟ್ಟಿಕೊಂಡು ತೆಂಕಣ ಮೂಗಿಗೆ ಬರುವುದು ಸಣ್ಣ ಕೆಲಸವಲ್ಲ. ಎಂಜಿನ್ ಒಂದು ನಡುವೆ ನಿಂತಿತು, ಮತ್ತೆ ಹತ್ತಿಕೊಂಡಿತು. ಒಂದು ಸಲ ವಿಲ್ಬರ್ ಹಗ್ಗ ಕತ್ತರಿಸಲು ಚೂರಿ ತೆಗೆದನಂತೆ, ಗಾಳಿ ಒಂದು ಗಳಿಗೆ ಉಸಿರೆಳೆದುಕೊಂಡದ್ದರಿಂದ ಒಳಗಿಟ್ಟನಂತೆ. ಇದೆಲ್ಲ ಲೆನೋರಾಳಿಗೆ ತಿಳಿದದ್ದು ಆಮೇಲೆ. ಆ ಹೊತ್ತಿನಲ್ಲಿ ಅವಳಿಗೆ ಗೊತ್ತಿದ್ದದ್ದು, ತೆಂಕಣ ಮೂಗಿನ ಮಂಜಿನ ಮೇಲೆ ಈಗ ಇಡೀ ಊರು ತನ್ನ ಮಾತು ನಂಬಿಕೊಂಡು ಹಗ್ಗ ಹಿಡಿದು ನಿಂತಿದೆ ಎನ್ನುವುದು. ಸಂಜೆಯ ಸೂರ್ಯ ಮುಳುಗುವ ಮನಸ್ಸಿಲ್ಲದೆ ಕಿಟಕಿಯಲ್ಲೇ ನಿಂತಿತ್ತು. ಅವಳು ಎರಡು ಚಿತ್ರಗಳನ್ನೂ ಎಷ್ಟು ಸಲ ನೋಡಿದಳೆಂದರೆ, ಕಣ್ಣು ಮುಚ್ಚಿದರೆ ಬಿಳಿಯದು ಕಪ್ಪಾಗಿ, ಕಪ್ಪು ಬೆಳ್ಳಗಾಗಿ ಕಾಣತೊಡಗಿತ್ತು.

ಫೋನು ಬಡಿದುಕೊಂಡಾಗ ಸಂಸ್ಥೆಯಲ್ಲಿ ಗಾರ್ಥ್ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ವಿಲ್ಬರ್, ದಡದಿಂದ. ಹಿಂದೆ ನೂರು ಜನರ ಗದ್ದಲ, ಹಗ್ಗದ ಲೆಕ್ಕದ ಕೂಗು, ನಾಯಿಗಳು.

"ಎಲ್ಲರೂ ಇದೀವಿ," ಎಂದ. "ತಿಮಿಂಗಿಲ ಅರ್ಧ ಮೇಲೆ ಬಂದಿದೆ. ಎಳೀತಿದಾರೆ."

ಅವಳು ಗಾರ್ಥ್ ಕಡೆ ತಿರುಗಿ, ಎಲ್ಲರೂ ಬಂದರು ಎಂದು ಸನ್ನೆ ಮಾಡಿದಳು.

"ಒಂದು ಕೇಳ್ಬೇಕಿತ್ತು. ಆ ಪಟ್ಟೆ ಯಾವಾಗ ಬಿಟ್ಕೊಂಡಿದ್ದು? ನೀನು ಗಟ್ಟಿ ಅಂತ ಹೇಳಿದ ಮೇಲಾ, ಮುಂಚೇನಾ?"

ಆಮೇಲೆ ಎನ್ನಬಹುದಿತ್ತು. ಚಿತ್ರ ಬೆಳಗಿನದು, ಗಾಳಿ ಇಡೀ ದಿನದ್ದು. ಅವಳು ಹೇಳಿದ್ದನ್ನು ಊರಿನಲ್ಲಿ ಯಾರೂ ಪರೀಕ್ಷೆ ಮಾಡಿ ನೋಡಲು ಸಾಧ್ಯವಿರಲಿಲ್ಲ. ಗಾರ್ಥ್ ಪಕ್ಕದ ಮೇಜಿನಲ್ಲಿ ಪೇಪರಿನ ಕಡೆ ನೋಡುತ್ತ ಕಿವಿಯನ್ನೆಲ್ಲ ಈ ಕಡೆ ಇಟ್ಟಿದ್ದ.

"ಮುಂಚೆ," ಎಂದಳು. "ನಾನು ನೋಡಿದ ಚಿತ್ರದಲ್ಲೇ ಅದು ನೀರಾಗಿತ್ತು. ಮಂಜು ಅಂತ ಓದ್ಬಿಟ್ಟೆ. ಗಟ್ಟಿ ಅಂತ ಹೇಳೋ ಆಸೆ ಇತ್ತು ನನಗೆ."



"ಹೂಂ," ಎಂದ ವಿಲ್ಬರ್. "ಸರಿ, ಲೆನೋರಾ." ಫೋನು ಇಟ್ಟ. ಅವನು ಅವಳನ್ನು "ಅವ್ವ" ಎನ್ನದೆ ಹೆಸರು ಹಿಡಿದು ಕರೆದದ್ದು ಅವಳ ನೆನಪಿನಲ್ಲೇ ಇರಲಿಲ್ಲ. ಗಾರ್ಥ್ ಅವಳನ್ನು ಮನೆಗೆ ಬಿಟ್ಟುಬಂದ. ದಾರಿಯುದ್ದಕ್ಕೂ ಹಿಮನದಿಯವರನ್ನು ಬೈದ, ಅವಳಿಗಾಗಿ.

ಮರುದಿನ ಬೆಳಗಿನ ಚಿತ್ರ ಬಂದಾಗ ಹಿಮನದಿಯವರು ತಾವಾಗಿಯೇ ಸಾಲು ಬಿಟ್ಟುಕೊಟ್ಟಿದ್ದರು, ಎರಡೂ ಕಿವಿಯದ್ದು ಒಟ್ಟಿಗೇ ಸಿಕ್ಕಿತು. ಗಾಳಿ ತಗ್ಗಿತ್ತು. ವಿಲ್ಬರ್‌ನ ಡೇರೆಯಿದ್ದ ಮಂಜಿನ ಹಲಗೆ ಬಲುದೂರ ತೇಲಿಹೋಗಿತ್ತು. ತೆಂಕಣ ಮೂಗು ಅಲ್ಲೇ ಇತ್ತು. ಆದರೆ ಅಲ್ಲಿಂದ ಮಂಜಿನ ಮೇಲೆ ದಡಕ್ಕೆ ಮಾಂಸ ಹೊರುವ ದಾರಿಗೆ ಅಡ್ಡಲಾಗಿ ಕೂದಲೆಳೆಯಂಥ ಗೆರೆಯೊಂದು ಹೊಸದಾಗಿ ಕಾಣಿಸಿತು. ನೆಟ್ಟಗಿನ ಕಿವಿಗೆ ಬೆಳ್ಳಗೆ, ಅಡ್ಡಕಿವಿಗೆ ಬೂದಿ ಬಣ್ಣ. ಬಂಡಿಗಳು ಓಡಾಡಿ ಕೆದಕಿದ ಹಿಮವಿರಬಹುದು. ಬಿರುಕಿರಬಹುದು. ಅವಳು ಹಿಗ್ಗಿಸಿ ನೋಡಿದಳು, ಕುಗ್ಗಿಸಿ ನೋಡಿದಳು, ಗಾಳಿ ನೋಡಿದಳು, ಗಾರ್ಥ್‌ಗೆ ತೋರಿಸಿದಳು. ಗಾರ್ಥ್ ಕೂಡ ಹಿಗ್ಗಿಸಿ ನೋಡಿ, ತನಗೂ ಗೊತ್ತಾಗುತ್ತಿಲ್ಲ ಎಂದ.

ಅವಳು ಎತ್ತುವ ಮುಂಚೆಯೇ ಫೋನು ಹೊಡೆದುಕೊಂಡಿತು.

"ಮಾಂಸ ಇನ್ನೂ ಅರ್ಧ ಅಲ್ಲೇ ಇದೆ," ಎಂದ ವಿಲ್ಬರ್. ದನಿ ಬಳಲಿತ್ತು. "ಜನ ಹೊರಡಕ್ಕೆ ನಿಂತಿದಾರೆ. ಏನು ಕಾಣ್ತಿದೆ ಹೇಳು."

"ದಾರಿಗೆ ಅಡ್ಡ ಒಂದು ಗೆರೆ ಇದೆ, ಎರಡನೇ ದಿಣ್ಣೆ ಹತ್ತಿರ," ಎಂದಳು ಲೆನೋರಾ. "ಅದು ಏನು ಅಂತ ಗೊತ್ತಾಗ್ತಿಲ್ಲ ಚಿಕ್ಕಪ್ಪ."

"ಗೊತ್ತಾಗ್ತಿಲ್ವಾ."

"ಇಲ್ಲ. ನೋಡಿದೀನಿ. ಗೊತ್ತಾಗ್ತಿಲ್ಲ."

ಅವನು ಯಾರಿಗೋ ಬಂಡಿಗಳನ್ನು ನಿಲ್ಲಿಸಲು ಕೂಗಿ ಹೇಳಿದ. ಆಮೇಲೆ ಫೋನಿನ ಹತ್ತಿರ ಬಂದು, "ಹಾಗಾದ್ರೆ ಕಬ್ಬಿಣದ ಕೋಲು ತಗೊಂಡು ನಡ್ಕೊಂಡು ಹೋಗಿ ಚುಚ್ಚಿ ನೋಡ್ತೀನಿ. ನೀನು ಫೋನ್ ಬಿಟ್ಟು ಎಲ್ಲೂ ಹೋಗ್ಬೇಡ," ಎಂದ.

ಗಾರ್ಥ್ ಊಟಕ್ಕೆ ಕರೆದ. ಅವಳು ಏಳಲಿಲ್ಲ. ಅವನೂ ಹೋಗಲಿಲ್ಲ, ಕುರ್ಚಿ ಎಳೆದುಕೊಂಡು ಬಂದು ಫೋನಿನ ಈ ಕಡೆ ಕುಳಿತ.